ಹೋದೆಯಾ ಪಿಶಾಚಿ!

ಮೇ ತಿಂಗಳ ಕೊನೆಯೆಂದರೆ ಬೀಳ್ಕೊಡುಗೆಗಳ ಸುಗ್ಗಿ. ವೇದಿಕೆಯ ಮೇಲೆ ವಿಯೋಗದುಃಖ, ಕೊನೆಯ ಸಾಲಿನ ಕುರ್ಚಿಗಳಲ್ಲಿ ನೆಮ್ಮದಿಯ ನಿಟ್ಟುಸಿರು. ಪಕ್ಕದಲ್ಲಿಯೇ ಕುಳಿತು ಜೀವ ಹಿಂಡಿದ ಸಹೋದ್ಯೋಗಿ ಎದ್ದುಹೋದಾಗ ಹುಟ್ಟುವ ಆ ಗುಟ್ಟಿನ ಸಂತೋಷಕ್ಕೆ ಕಲ್ಕತ್ತೆಯ ಕೌನ್ಸಿಲಿನಿಂದ ಕೀನ್ಯದ ಕಾಡಿನವರೆಗೆ ಚರಿತ್ರೆಯುಂಟು. ಅದಕ್ಕೊಂದು ಬೆಲೆಯೂ ಉಂಟು.

ಮೇ 31, ಸಂಜೆ ನಾಲ್ಕೂವರೆ. ತಾಲ್ಲೂಕು ಕಚೇರಿಯ ಸಭಾಂಗಣದಲ್ಲಿ ಮೇಜುಗಳನ್ನೆಲ್ಲ ಗೋಡೆಯ ಮಗ್ಗುಲಿಗೆ ಸರಿಸಿ, ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಇರಿಸಿ, ನಿವೃತ್ತರಾಗಲಿರುವ ಮಹನೀಯರ ಯೌವನಕಾಲದ ಭಾವಚಿತ್ರವುಳ್ಳ ಫ್ಲೆಕ್ಸನ್ನು ಹಿನ್ನೆಲೆಗೆ ಕಟ್ಟಿ, ಮೈಸೂರು ಪೇಟ, ಶಾಲು, ಏಲಕ್ಕಿ ಹಾರ, ಹಣ್ಣಿನ ಬುಟ್ಟಿಗಳನ್ನು ಅಣಿಮಾಡಿಕೊಂಡು, ತಹಸೀಲ್ದಾರರ ಆಗಮನವನ್ನು ಎಲ್ಲರೂ ನಿರೀಕ್ಷಿಸುತ್ತಿದ್ದಾರೆ.

ತಹಸೀಲ್ದಾರರು ಬಂದರು, ಪ್ರಾರ್ಥನೆಯಾಯಿತು, ಸ್ವಾಗತವಾಯಿತು. ಅನಂತರ ಮಾತನಾಡಿದವರೆಲ್ಲರೂ ಇವರ ಅಗಲಿಕೆಯಿಂದ ಕಚೇರಿಗೆ ತುಂಬಲಾರದ ನಷ್ಟವಾಯಿತೆಂಬ ಒಂದೇ ಅಭಿಪ್ರಾಯವನ್ನು ಬೇರೆಬೇರೆ ವಿಶೇಷಣಗಳಿಂದ ಅಲಂಕರಿಸಿದರು. ಮುಂದಿನ ಸಾಲು ತಲೆದೂಗಿತು. ಕೊನೆಯ ಸಾಲಿನಲ್ಲಿದ್ದ ಇಬ್ಬರು ದ್ವಿತೀಯ ದರ್ಜೆ ಸಹಾಯಕಿಯರು ಒಬ್ಬರ ಮುಖವನ್ನೊಬ್ಬರು ನೋಡದಂತೆ ಎಚ್ಚರ ವಹಿಸಿ, ಕೈಯಲ್ಲಿದ್ದ ಖಾರಾಬೂಂದಿಯ ಪೊಟ್ಟಣವನ್ನೇ ದಿಟ್ಟಿಸುತ್ತಿದ್ದರು; ನೋಡಿದ್ದರೆ ನಗು ತಡೆಯುವಂತಿರಲಿಲ್ಲ.

ಉಡುಗೊರೆಗೆಂದು ವಂತಿಗೆ ಎತ್ತಿದವನನ್ನು ವಿಚಾರಿಸಿದರೆ ನಿಜಸ್ಥಿತಿ ತಿಳಿದೀತು. ಎಲ್ಲರಿಗೂ ಬೇಕಾಗಿದ್ದ ಹಿರಿಯರೊಬ್ಬರು ಹಿಂದಿನ ವರ್ಷ ನಿವೃತ್ತರಾದಾಗ, ತಿಂಗಳ ಕೊನೆ, ಕೈ ಖಾಲಿ, ನಾಳೆ ನೋಡೋಣ ಎಂಬ ಉತ್ತರಗಳನ್ನು ಕೇಳಿಕೊಂಡು ಆತ ಮೇಜಿನಿಂದ ಮೇಜಿಗೆ ಅಲೆದಿದ್ದನು. ಈ ಬಾರಿಯಾದರೋ "ತಗೊಳ್ಳಪ್ಪ, ಪುಣ್ಯಾತ್ಮ ಹೋಗ್ತಾನಲ್ಲ" ಎಂದು ಬಾಯಿ ತೆರೆಯುವ ಮುನ್ನವೇ ನೋಟು ಕೈಗೆ ಬಂದಿತು. ಬೆಳ್ಳಿಯ ಗಣಪತಿಯನ್ನು ಕೊಂಡ ಮೇಲೂ ಹಣ ಮಿಕ್ಕು ಎಲ್ಲರಿಗೂ ಮೈಸೂರುಪಾಕು ಲಭಿಸಿತು.

ಇದು ಒಂದು ಊರಿನ ಕಥೆಯಲ್ಲ. ಬ್ಯಾಂಕಿನ ಶಾಖೆಯಲ್ಲಿ, ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ, ಬಸ್ ಡಿಪೋದಲ್ಲಿ, ಪೇಟಕ್ಕೆ ಪ್ರತಿಯಾಗಿ ಕೇಕು ಕತ್ತರಿಸುವ ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಯಲ್ಲಿಯೂ ಇದೇ ನಾಟಕ ನಡೆಯುತ್ತದೆ. ವೇಷಭೂಷಣಗಳು ಮಾತ್ರ ಬೇರೆ.

> ಮೇ 31ರ ಮಹಿಮೆ
>
> ಕರ್ನಾಟಕದ ಸರ್ಕಾರಿ ನೌಕರರು 60 ವರ್ಷ ತುಂಬಿದ ತಿಂಗಳಿನ ಕೊನೆಯ ದಿನ ನಿವೃತ್ತರಾಗುತ್ತಾರೆ. ಹುಟ್ಟಿದ ತಾರೀಖು ತಿಂಗಳ ಒಂದನೆಯದಾಗಿದ್ದರೆ ನಿವೃತ್ತಿ ಹಿಂದಿನ ತಿಂಗಳ ಕೊನೆಯ ದಿನವೇ. ಜನನಪತ್ರಗಳ ಗೊಡವೆಯಿಲ್ಲದ ಕಾಲದಲ್ಲಿ ಶಾಲೆಗೆ ಸೇರಿಸಿಕೊಳ್ಳುವಾಗ ಹೆಡ್‌ಮಾಸ್ಟರರು ಅನುಕೂಲಕ್ಕೆಂದು ಜೂನ್ 1 ಎಂದು ಬರೆದುಬಿಡುತ್ತಿದ್ದುದರಿಂದ, ಒಂದು ತಲೆಮಾರಿನ ಎಷ್ಟೋ ಮಂದಿ ಒಂದೇ ದಿನ ಜನಿಸಿ, ಒಂದೇ ಸಂಜೆ ಪೇಟ ಧರಿಸುವಂತಾಯಿತು.

ನಾನು ಇಲ್ಲಿ ಪ್ರಸ್ತಾಪಿಸುತ್ತಿರುವುದು ಲಂಚಕೋರನನ್ನಲ್ಲ, ಹೆಂಗಸರೊಡನೆ ಅಸಭ್ಯವಾಗಿ ವರ್ತಿಸುವವನನ್ನೂ ಅಲ್ಲ. ಅಂಥವರಿಗೆ ಲೋಕಾಯುಕ್ತವುಂಟು, ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆಯುಂಟು, ಇಲಾಖಾ ವಿಚಾರಣೆಯುಂಟು. ಫಲ ತಡವಾದರೂ ದಾರಿಯೊಂದು ಇದೆ. ನಮ್ಮ ಕಥಾನಾಯಕನ ಮೇಲೆ ಯಾವ ಕಾಯಿದೆಯೂ ನಡೆಯುವುದಿಲ್ಲ.

ಆತ ಹೊತ್ತಿಗೆ ಸರಿಯಾಗಿ ಬರುತ್ತಾನೆ. ಹಾಜರಿ ಪುಸ್ತಕದಲ್ಲಿ ಮೊದಲ ರುಜು ಅವನದೇ. ರುಜು ಮಾಡಿ, ಗಡಿಯಾರದ ಕೆಳಗೆ ನಿಂತು, ತಡವಾಗಿ ಬಂದವರ ಹೆಸರನ್ನು ಸಾಹೇಬರ ಕೊಠಡಿಗೆ ಕೇಳಿಸುವಷ್ಟು ಗಟ್ಟಿಯಾಗಿ ಕರೆದು ಕುಶಲ ವಿಚಾರಿಸುತ್ತಾನೆ. ಅರ್ಧ ದಿನದಲ್ಲಿ ಮುಗಿಯಬಹುದಾದ ಕಡತಕ್ಕೆ "ಚರ್ಚಿಸಿ" ಎಂಬ ಷರಾ ಬರೆದು ಹಿಂದಿರುಗಿಸುತ್ತಾನೆ. ಚರ್ಚಿಸಲು ಹೋದವರಿಗೆ ಪುರಸೊತ್ತಿಲ್ಲವೆನ್ನುತ್ತಾನೆ. ನೀವು ರಾತ್ರಿ ಕುಳಿತು ಸಿದ್ಧಪಡಿಸಿದ ಟಿಪ್ಪಣಿ ಮೆಚ್ಚುಗೆ ಪಡೆದರೆ ಅದು ಅವನದು, ಆಕ್ಷೇಪಣೆಗೆ ಗುರಿಯಾದರೆ ನಿಮ್ಮದು. ನಿಮ್ಮ ಮಾತನ್ನು ಅವರಿಗೂ ಅವರ ಮಾತನ್ನು ನಿಮಗೂ ಸ್ವಲ್ಪ ಒಗ್ಗರಣೆ ಹಾಕಿ ತಲುಪಿಸುವುದು ಅವನ ನಿತ್ಯಕರ್ಮ.

ಇವುಗಳಲ್ಲಿ ಒಂದೊಂದನ್ನೂ ಬಿಡಿಯಾಗಿ ಅರ್ಜಿಯಲ್ಲಿ ಬರೆದು ಮೇಲಧಿಕಾರಿಗೆ ಸಲ್ಲಿಸಿದರೆ, ಓದಿದವರು ಅರ್ಜಿದಾರನ ಮನಸ್ಥಿತಿಯನ್ನೇ ಶಂಕಿಸಿಯಾರು. ಒಟ್ಟುಗೂಡಿ ಇಪ್ಪತ್ತು ವರ್ಷ ನಡೆದಾಗ ಅವು ಮನುಷ್ಯನ ನಿದ್ದೆಯನ್ನೂ ಹಸಿವನ್ನೂ ಕಿತ್ತುಕೊಳ್ಳುತ್ತವೆಂಬುದು ಅನುಭವಿಸಿದವರಿಗೆ ಮಾತ್ರ ಗೊತ್ತು. ಆದಕಾರಣವೇ ಆತ ಹೋದ ದಿನ ಉಂಟಾಗುವ ಸಂತೋಷಕ್ಕೂ ಮಾತಿಲ್ಲ. ದುಃಖಕ್ಕೆ ಅರ್ಜಿ ಬರೆಯಲಾಗದಿದ್ದವರು ಸುಖಕ್ಕೆ ಭಾಷಣ ಮಾಡುವುದೆಂತು? ಒಬ್ಬನು ತೊಲಗಿದನೆಂದು ಹಿಗ್ಗುವಷ್ಟು ಸಣ್ಣವರೇ ನಾವು ಎಂದು ಸಜ್ಜನರು ಒಳಗೊಳಗೇ ನಾಚಿಕೊಳ್ಳುವುದೂ ಉಂಟು. ನಾಚಬೇಕಾದ್ದಿಲ್ಲವೆಂಬುದು ನನ್ನ ಮತ. ಮುಳ್ಳು ಕಿತ್ತ ಕಾಲು ಹಗುರಾಗುವುದರಲ್ಲಿ ಮುಳ್ಳಿನ ಮೇಲಣ ದ್ವೇಷವೇನೂ ಇಲ್ಲ.

ಇಪ್ಪತ್ತೊಂದರ ಬದಲು ಹದಿನೇಳು

ಇಂಥ ನೆಮ್ಮದಿಯ ವಿಸ್ತಾರವಾದ ಲಿಖಿತ ದಾಖಲೆಯನ್ನು ಬಯಸುವವರು ಹದಿನೆಂಟನೆಯ ಶತಮಾನದ ಕಲ್ಕತ್ತೆಗೆ ಹೋಗಬೇಕು.

1774ರ ಅಕ್ಟೋಬರ್ 19ರಂದು ಚಾಂದ್‌ಪಾಲ್ ಘಾಟಿನಲ್ಲಿ ಮೂವರು ಇಂಗ್ಲಿಷರು ದೋಣಿಯಿಂದಿಳಿದರು: ಜನರಲ್ ಕ್ಲಾವರಿಂಗ್, ಕರ್ನಲ್ ಮಾನ್ಸನ್, ಫಿಲಿಪ್ ಫ್ರಾನ್ಸಿಸ್. ಬ್ರಿಟಿಷ್ ಪಾರ್ಲಿಮೆಂಟು 1773ರಲ್ಲಿ ಅಂಗೀಕರಿಸಿದ ರೆಗ್ಯುಲೇಟಿಂಗ್ ಆ್ಯಕ್ಟಿನ ಮೇರೆಗೆ, ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನೊಡನೆ ಕುಳಿತು ರಾಜ್ಯಭಾರ ಮಾಡಲು ನಿಯುಕ್ತರಾದ ಸದಸ್ಯರಿವರು. ಕೋಟೆಯಿಂದ ಗೌರವಾರ್ಥವಾಗಿ ಹಾರಿದ ತೋಪುಗಳನ್ನು ಅವರು ಎಣಿಸಿದರು. ಇಪ್ಪತ್ತೊಂದನ್ನು ನಿರೀಕ್ಷಿಸಿದ್ದರು, ಹಾರಿದ್ದು ಹದಿನೇಳು.

ಅಲ್ಲಿಂದ ಪ್ರಾರಂಭ. ಹೇಸ್ಟಿಂಗ್ಸ್ ನೆರಿಗೆಯಿಟ್ಟ ಅಂಗಿಯನ್ನಾದರೂ ತೊಟ್ಟು ತಮ್ಮನ್ನು ಬರಮಾಡಿಕೊಳ್ಳಬಾರದಿತ್ತೆ ಎಂದು ಫ್ರಾನ್ಸಿಸನ ಭಾವಮೈದುನ ಗೊಣಗಿಕೊಂಡುದು ದಾಖಲೆಯಾಗಿ ಉಳಿದಿದೆ. ಕಚೇರಿಯ ಕಲಹಗಳು ಹುಟ್ಟುವುದು ರಾಜನೀತಿಯಲ್ಲಿ ಅಲ್ಲ, ಅಂಗಿಯ ನೆರಿಗೆಯಲ್ಲಿ.

ಕಾಯಿದೆಯ ರಚನೆಯೇ ಜಗಳಕ್ಕೆ ಹೇಳಿಮಾಡಿಸಿದಂತಿತ್ತು. ಕೌನ್ಸಿಲಿನಲ್ಲಿ ಐವರು, ಬಹುಮತವೇ ನಿರ್ಣಾಯಕ, ಗವರ್ನರ್ ಜನರಲನಿಗಿದ್ದ ವಿಶೇಷಾಧಿಕಾರವೆಂದರೆ ಮತಗಳು ಸಮವಾದಾಗ ಚಲಾಯಿಸಬಹುದಾದ ನಿರ್ಣಾಯಕ ಮತ ಮಾತ್ರ. ಹೇಸ್ಟಿಂಗ್ಸನ ಪಕ್ಷದಲ್ಲಿ ಬಾರ್ವೆಲ್ ಎಂಬೊಬ್ಬನೇ ಇದ್ದುದರಿಂದ, ಹೊಸಬರು ಮೂವರೂ ಒಂದಾದೊಡನೆ, ವರ್ಷಕ್ಕೆ 25 ಸಾವಿರ ಪೌಂಡ್ ಸಂಬಳ ಪಡೆಯುತ್ತಿದ್ದ ಅಧಿಪತಿ, ತಲಾ 10 ಸಾವಿರ ಪಡೆಯುತ್ತಿದ್ದವರ ಮುಂದೆ ಕೈಕಟ್ಟಿ ಕುಳಿತುಕೊಳ್ಳುವಂತಾಯಿತು.

ಮೂವರಲ್ಲಿ ತೀಕ್ಷ್ಣಬುದ್ಧಿಯವನು ಫ್ರಾನ್ಸಿಸ್. ಲಂಡನ್ನಿನಲ್ಲಿ 'ಜೂನಿಯಸ್' ಎಂಬ ಗುಪ್ತನಾಮದಿಂದ ಮಂತ್ರಿಗಳನ್ನೂ ದೊರೆಯನ್ನೂ ನಡುಗಿಸಿದ ಪತ್ರಗಳ ಕರ್ತೃ ಇವನೇ ಎಂದು ಅನೇಕ ವಿದ್ವಾಂಸರು ನಂಬುತ್ತಾರೆ. ಆ ಲೇಖನಿ ಈಗ ಕೌನ್ಸಿಲಿನ ನಡವಳಿ ಪುಸ್ತಕದಲ್ಲಿ ಹರಿಯತೊಡಗಿತು. ಹೇಸ್ಟಿಂಗ್ಸ್ ಒಂದು ಟಿಪ್ಪಣಿ ಬರೆದರೆ ಫ್ರಾನ್ಸಿಸ್ ಅದಕ್ಕೆ ಪ್ರತಿಟಿಪ್ಪಣಿ, ಇವನು ಅದಕ್ಕೆ ಸಮಾಧಾನ, ಅವನು ಸಮಾಧಾನಕ್ಕೆ ಖಂಡನೆ; ಪ್ರತಿಯೊಂದರ ನಕಲೂ ಹಡಗೇರಿ ಲಂಡನ್ನಿನ ಡೈರೆಕ್ಟರುಗಳಿಗೆ. ಮೇಲಿನವರಿಗೆ ಪ್ರತಿ ಕಳುಹಿಸಿ ಸಹೋದ್ಯೋಗಿಯನ್ನು ಸಿಕ್ಕಿಸುವ ಕಲೆ ಇ–ಮೇಲಿನ ಯುಗದಲ್ಲಿ ಹುಟ್ಟಿತೆಂದು ಭಾವಿಸಿರುವವರು ಈ ಸಂಪುಟಗಳನ್ನು ತಿರುವಿಹಾಕಬೇಕು.

ಕಾಲ ಹೇಸ್ಟಿಂಗ್ಸನ ಕಡೆಗಿತ್ತು. 1776ರ ಸೆಪ್ಟೆಂಬರಿನಲ್ಲಿ ಮಾನ್ಸನ್ ತೀರಿಕೊಂಡನು, ಮತಗಳು ಎರಡೆರಡಾದವು, ನಿರ್ಣಾಯಕ ಮತಕ್ಕೆ ಜೀವ ಬಂದಿತು. ಮರುವರ್ಷದ ಜೂನಿನಲ್ಲಿ ಲಂಡನ್ನಿನ ಪ್ರತಿನಿಧಿಯೊಬ್ಬನ ಅವಸರದಿಂದ ಹೇಸ್ಟಿಂಗ್ಸ್ ರಾಜೀನಾಮೆ ಕೊಟ್ಟನೆಂಬ ಸುದ್ದಿ ಬಂದದ್ದೇ ತಡ, ಕ್ಲಾವರಿಂಗ್ ತಾನೇ ಗವರ್ನರ್ ಜನರಲನೆಂದು ಸಾರಿ ಕೋಟೆಯ ಮತ್ತು ಖಜಾನೆಯ ಬೀಗದಕೈಗಳನ್ನು ಕೇಳಿದನು. ಹೇಸ್ಟಿಂಗ್ಸ್ ಕೊಡಲಿಲ್ಲ. ಸುಪ್ರೀಂ ಕೋರ್ಟಿನ ನ್ಯಾಯಾಧೀಶರು ಹೇಸ್ಟಿಂಗ್ಸನ ಪರವಾಗಿ ಹೇಳಿದರು. ಆಗಸ್ಟಿನಲ್ಲಿ ಹೇಸ್ಟಿಂಗ್ಸನಿಗೆ ಮದುವೆ. ಆ ಸಂಭ್ರಮಕ್ಕೆ ಅಸ್ವಸ್ಥನಾಗಿದ್ದ ಕ್ಲಾವರಿಂಗನನ್ನು ಒತ್ತಾಯಿಸಿ ಕರೆತಂದನೆಂಬ ಪ್ರತೀತಿಯಿದೆ. ಅದೇ ತಿಂಗಳ 30ರಂದು ಕ್ಲಾವರಿಂಗನೂ ಕಾಲವಾದನು.

ಫ್ರಾನ್ಸಿಸ್ ಮಾತ್ರ ಉಳಿದನು. 1780ರ ಪ್ರಾರಂಭದಲ್ಲಿ ಇಬ್ಬರಿಗೂ ಒಂದು ಒಪ್ಪಂದವಾಗಿ, ಆ ನಂಬಿಕೆಯ ಮೇಲೆ ಬಾರ್ವೆಲ್ ಸ್ವದೇಶಕ್ಕೆ ಹೊರಟುಹೋದನು. ಮರಾಠಾ ಯುದ್ಧದ ವಿಷಯದಲ್ಲಿ ಕೊಟ್ಟ ಮಾತಿಗೆ ಫ್ರಾನ್ಸಿಸ್ ತಪ್ಪಿದನೆಂದು ಹೇಸ್ಟಿಂಗ್ಸನ ಆಪಾದನೆ; ಅಂಥ ಮಾತನ್ನೇ ಕೊಟ್ಟಿರಲಿಲ್ಲವೆಂದು ಫ್ರಾನ್ಸಿಸನ ವಾದ. ಆರು ವರ್ಷ ನುಂಗಿಕೊಂಡುದನ್ನೆಲ್ಲ ಹೇಸ್ಟಿಂಗ್ಸ್ ಒಂದು ಟಿಪ್ಪಣಿಯಲ್ಲಿ ಕಾರಿದನು: ಈತನ ಖಾಸಗಿ ನಡತೆಯಲ್ಲಿ ಸತ್ಯವೂ ಇಲ್ಲ, ಮರ್ಯಾದೆಯೂ ಇಲ್ಲ, ಸಾರ್ವಜನಿಕ ನಡತೆಯನ್ನೂ ತಾನು ಅದರಿಂದಲೇ ಅಳೆಯುವೆನೆಂದು. ಅದನ್ನು ಓದಿದ ಫ್ರಾನ್ಸಿಸ್ ದ್ವಂದ್ವಯುದ್ಧಕ್ಕೆ ಕರೆ ಕೊಟ್ಟನು.

1780ರ ಆಗಸ್ಟ್ 17ರ ಬೆಳಗಿನ ಜಾವ, ಅಲಿಪುರದ ಬಳಿ, ಹದಿನಾಲ್ಕು ಹೆಜ್ಜೆಗಳ ಅಂತರದಲ್ಲಿ, ಬಂಗಾಳದ ಗವರ್ನರ್ ಜನರಲನೂ ಅವನ ಕೌನ್ಸಿಲಿನ ಸದಸ್ಯನೂ ಪಿಸ್ತೂಲು ಹಿಡಿದು ಎದುರುಬದರು ನಿಂತರು. ಜೀವಮಾನದಲ್ಲಿ ಪಿಸ್ತೂಲು ಹಾರಿಸಿದವನಲ್ಲ ತಾನೆಂದು ಫ್ರಾನ್ಸಿಸ್ ಒಪ್ಪಿಕೊಂಡನು. ಹೇಸ್ಟಿಂಗ್ಸನ ಅನುಭವವೂ ಅದಕ್ಕಿಂತ ಹೆಚ್ಚಿನದಾಗಿರಲಿಲ್ಲ. ಫ್ರಾನ್ಸಿಸನ ಮದ್ದು ತೇವವಾಗಿದ್ದುದರಿಂದ ಮತ್ತೊಮ್ಮೆ ತುಂಬಬೇಕಾಯಿತು. ಅನಂತರ ಇಬ್ಬರೂ ಹೆಚ್ಚುಕಡಿಮೆ ಏಕಕಾಲದಲ್ಲಿ ಹಾರಿಸಿದರು. ಗುಂಡು ತಾಗಿದ್ದು ಫ್ರಾನ್ಸಿಸನ ಬಲಪಾರ್ಶ್ವಕ್ಕೆ. ಪ್ರಾಣಾಪಾಯವಾಗಲಿಲ್ಲ. ಬಂದು ನೋಡಲೇ ಎಂದು ಹೇಸ್ಟಿಂಗ್ಸ್ ಹೇಳಿಕಳುಹಿಸಿದರೆ, ಇನ್ನು ನಮ್ಮ ಭೇಟಿ ಕೌನ್ಸಿಲಿನ ಮೇಜಿನಲ್ಲಿ ಮಾತ್ರ ಎಂಬ ಉತ್ತರ ಬಂದಿತು.

ಈ ಬೆಳಗಿನ ಜಾವದ ಹೊತ್ತಿಗೆ ಹೈದರಾಲಿಯ ಸೈನ್ಯ ಘಟ್ಟವಿಳಿದು ಕರ್ನಾಟಿಕ್ ಪ್ರಾಂತದಲ್ಲಿ ಹರಡಿಕೊಂಡಾಗಿತ್ತೆಂಬುದನ್ನು ಕನ್ನಡ ಓದುಗರು ಮರೆಯಬಾರದು. ದ್ವಂದ್ವಯುದ್ಧದ ಗಾಯ ಮಾಗುವ ಮುನ್ನವೇ, ಸೆಪ್ಟೆಂಬರ್ 10ರಂದು, ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ನುಚ್ಚುನೂರಾಯಿತು; ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ಆ ಕದನ ಇಂದಿಗೂ ನಡೆಯುತ್ತಲೇ ಇದೆ. ಹಗೆ ಹೊಸ್ತಿಲಿಗೆ ಬಂದಿದ್ದಾಗ ಸರ್ಕಾರದ ಶಿರೋಭಾಗದಲ್ಲಿದ್ದ ಇಬ್ಬರು ಒಬ್ಬರನ್ನೊಬ್ಬರು ಸುಡುವುದರಲ್ಲಿ ತೊಡಗಿದ್ದರು.

ಡಿಸೆಂಬರಿನಲ್ಲಿ ಫ್ರಾನ್ಸಿಸ್ ಹಡಗು ಹತ್ತಿದನು. ತನ್ನ ರಾಜಕೀಯ ಜೀವನದ ಒಂದು ಯುಗ ಮುಗಿದು ಮತ್ತೊಂದು ಆರಂಭವಾಗುತ್ತಿದೆಯೆಂದೂ, ಆರು ವರ್ಷಗಳ ಹೋರಾಟದಲ್ಲಿ ಎದುರಾಳಿಗಳೆಲ್ಲರನ್ನೂ ತಾನು ಗೆದ್ದೆನೆಂದೂ ಹೇಸ್ಟಿಂಗ್ಸ್ ಆಪ್ತನಿಗೆ ಬರೆದನು. ಕೊನೆಯ ಸಾಲಿನ ಆ ಇಬ್ಬರು ಸಹಾಯಕಿಯರು ಅದನ್ನು ಓದಿದ್ದರೆ ಪದಪದಕ್ಕೂ ರುಜು ಹಾಕುತ್ತಿದ್ದರು.

> ಕೆಟ್ಟ ಒಬ್ಬನ ಲೆಕ್ಕ
>
> ಅಮೆರಿಕದ ಸಂಶೋಧಕ ವಿಲ್ ಫೆಲ್ಪ್ಸ್ ನಾಲ್ಕು ಮಂದಿಯ ತಂಡಗಳಲ್ಲಿ ಒಬ್ಬ ನಟನನ್ನು ಸೇರಿಸಿ, ಸೋಮಾರಿಯಾಗಿಯೋ ಮೂದಲಿಸುವವನಾಗಿಯೋ ಸದಾ ಹಳಹಳಿಸುವವನಾಗಿಯೋ ನಡೆದುಕೊಳ್ಳುವಂತೆ ಹೇಳಿದರು. ಅಂಥ ತಂಡಗಳ ಕೆಲಸ ಶೇ 30ರಿಂದ 40ರಷ್ಟು ಕುಸಿಯಿತು. ಉಳಿದವರೂ ಅವನಂತೆಯೇ ಆಡತೊಡಗಿದರು.
>
> ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಿಂದ 2015ರಲ್ಲಿ ಹೊರಬಂದ ಹೌಸ್‌ಮನ್ ಮತ್ತು ಮೈನರ್ ಅವರ ಅಧ್ಯಯನ 50 ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ಕುರಿತದ್ದು. ಅಗ್ರಗಣ್ಯನೊಬ್ಬನನ್ನು ನೇಮಿಸಿಕೊಂಡರೆ ಸಂಸ್ಥೆಗೆ ಸುಮಾರು 5,300 ಡಾಲರ್ ಲಾಭ. ವಿಷಕಾರಿಯಾದವನೊಬ್ಬನನ್ನು ದೂರವಿಟ್ಟರೆ ಸುಮಾರು 12,500 ಡಾಲರ್ ಉಳಿತಾಯ. ಅದೇ ಅಧ್ಯಯನ ಕಂಡುಕೊಂಡ ಮತ್ತೊಂದು ಸಂಗತಿ: ಇಂಥವರು ಕೆಲಸದ ಪ್ರಮಾಣದಲ್ಲಿ ಸರಾಸರಿಗಿಂತ ಮುಂದಿರುತ್ತಾರೆ. ಬೇಗ ತೊಲಗದಿರುವುದಕ್ಕೆ ಅದೂ ಒಂದು ಕಾರಣ.

ತಿಪ್ಪೆಯ ಸಿಂಹಾಸನ

ಪೀಡಕನು ಹೋದ ಮೇಲಣ ನೆಮ್ಮದಿ ಎಷ್ಟು ದಿನ ಬಾಳುತ್ತದೆ? ಇದಕ್ಕೆ ನನಗೆ ದೊರೆತ ಸೊಗಸಾದ ಉತ್ತರ ಮನುಷ್ಯರ ಕಚೇರಿಯದಲ್ಲ. ಕೀನ್ಯ ದೇಶದ ಬಬೂನುಗಳೆಂಬ ದೊಡ್ಡ ಕೋತಿಗಳದು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ರಾಬರ್ಟ್ ಸಪೋಲ್‌ಸ್ಕಿ ಅವರು 1970ರ ದಶಕದ ಕೊನೆಯಿಂದ ಈ ಪ್ರಾಣಿಗಳ ಒಂದು ಹಿಂಡನ್ನು ಗಮನಿಸುತ್ತ ಬಂದವರು. ಬಬೂನುಗಳ ಸಮಾಜದಲ್ಲಿ ಬಲಿಷ್ಠನು ತನ್ನ ಕೆಳಗಿನವನನ್ನು ಕಚ್ಚುತ್ತಾನೆ, ಅವನು ತನಗಿಂತ ಕೆಳಗಿನವನನ್ನು. ಕೊನೆಗೆ ಎಲ್ಲರ ಸಿಟ್ಟೂ ಹೆಣ್ಣುಗಳ ಮತ್ತು ಮರಿಗಳ ಮೇಲೆ ಇಳಿಯುತ್ತದೆ. ನಮಗೆ ಪರಿಚಿತವಲ್ಲದ ವ್ಯವಸ್ಥೆಯೇನೂ ಅಲ್ಲ.

1980ರ ದಶಕದ ಪ್ರಾರಂಭದಲ್ಲಿ ನೆರೆಯ ಪ್ರವಾಸಿಗೃಹವೊಂದರ ಹಿಂದಿನ ತಿಪ್ಪೆಗೆ ರಾಶಿರಾಶಿಯಾಗಿ ಎಂಜಲು ಬೀಳತೊಡಗಿತು. ತಿಪ್ಪೆಯ ಒಡೆತನ ಬೇರೊಂದು ಹಿಂಡಿನದು. ಆದುದರಿಂದ ದಿನವೂ ಬೆಳಿಗ್ಗೆ ಅಲ್ಲಿಗೆ ಹೋಗಿ ಕಾದಾಡಿ ತಿಂದುಬರುವ ಧೈರ್ಯವಿದ್ದುದು ಈ ಹಿಂಡಿನ ಜಗಳಗಂಟ ಗಂಡುಗಳಿಗೆ ಮಾತ್ರ. ಎಂಜಲಿನಲ್ಲಿದ್ದ ರೋಗಗ್ರಸ್ತ ಮಾಂಸದಿಂದ ಕ್ಷಯ ತಗಲಿತು. ತಿಪ್ಪೆಗೆ ಹೋದವರೆಲ್ಲ ಸತ್ತರು. ಹಿಂಡಿನ ಗಂಡುಗಳಲ್ಲಿ ಅರ್ಧದಷ್ಟು ಅಳಿದವು. ಉಳಿದವು ಸಾಧುಗಳು, ಅವುಗಳ ಎರಡರಷ್ಟು ಹೆಣ್ಣುಗಳು.

ಹಿಂಡು ಬದಲಾಯಿತು. ಅಕಾರಣವಾದ ಕಚ್ಚಾಟ ಕಡಿಮೆಯಾಯಿತು. ಒಂದರ ಮೈಯನ್ನು ಒಂದು ಹೆಕ್ಕಿ ಶುಚಿಮಾಡುವ ಸ್ನೇಹಕಾರ್ಯ ಹೆಚ್ಚಿತು. ಕೆಳಗಿನ ಶ್ರೇಣಿಯ ಗಂಡುಗಳಲ್ಲಿ, ಬೇರೆ ಹಿಂಡುಗಳಲ್ಲಿ ಕಾಣುವ ದೇಹದ ಒತ್ತಡದ ಚಿಹ್ನೆಗಳು ಇಲ್ಲವಾದವು. ಇಷ್ಟೇ ಆಗಿದ್ದರೆ ಅದೊಂದು ಆಕಸ್ಮಿಕವೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಬಬೂನು ಗಂಡುಗಳು ಪ್ರಾಯಕ್ಕೆ ಬಂದೊಡನೆ ಹುಟ್ಟಿದ ಹಿಂಡನ್ನು ತೊರೆದು ಬೇರೆಡೆಗೆ ಹೋಗುತ್ತವೆ — ನಮ್ಮ ಭಾಷೆಯಲ್ಲಿ ಹೇಳುವುದಾದರೆ ಎಲ್ಲರಿಗೂ ಕಡ್ಡಾಯ ವರ್ಗಾವಣೆ. 1993ರ ವೇಳೆಗೆ ಆ ಸಾಧು ಗಂಡುಗಳಲ್ಲಿ ಒಂದೂ ಅಲ್ಲಿರಲಿಲ್ಲ. ಇದ್ದವೆಲ್ಲ ಹೊರಗಿನಿಂದ, ಕಚ್ಚಾಟದ ಹಿಂಡುಗಳಿಂದ ಬಂದವು. ಆದರೂ ಶಾಂತಿ ಉಳಿದಿತ್ತು. ಸಪೋಲ್‌ಸ್ಕಿ ಮತ್ತು ಲೀಸಾ ಶೇರ್ ಇದನ್ನು 2004ರಲ್ಲಿ ಪ್ರಕಟಿಸಿದರು.

ಕಾರಣವನ್ನು ಹುಡುಕಿದಾಗ ಕಂಡದ್ದು ಹೆಣ್ಣುಗಳ ನಡತೆ. ಬೇರೆ ಹಿಂಡುಗಳಲ್ಲಿ ಹೊಸಬನನ್ನು ತಿಂಗಳುಗಟ್ಟಲೆ ದೂರವಿಡುತ್ತವೆ. ಇಲ್ಲಿ, ನಿಷ್ಕಾರಣವಾಗಿ ಕಚ್ಚಿಸಿಕೊಳ್ಳುವ ಭಯವಿಲ್ಲದ ಹೆಣ್ಣುಗಳು ಬಂದವನನ್ನು ಬೇಗನೆ ಹತ್ತಿರಕ್ಕೆ ಸೇರಿಸಿಕೊಂಡವು, ಬಂದವನೂ ಇಲ್ಲಿಯ ರೀತಿಯನ್ನು ಕಲಿತನು. ನಮ್ಮ ಕಚೇರಿಗಳಲ್ಲಿ ಹೊಸದಾಗಿ ರಿಪೋರ್ಟ್ ಮಾಡಿಕೊಂಡವನಿಗೆ ಮುರಿದ ಕುರ್ಚಿಯನ್ನೂ ಯಾರಿಗೂ ಬೇಡದ ವಿಷಯದ ಕಡತಗಳನ್ನೂ ಕೊಟ್ಟು ಮೂರು ತಿಂಗಳು ಆಟ ನೋಡುವ ಸಂಪ್ರದಾಯವನ್ನು ನೆನೆದಾಗ, ವಿಕಾಸವಾದದಲ್ಲಿ ನನಗಿರುವ ಶ್ರದ್ಧೆ ಸ್ವಲ್ಪ ಅಲುಗಾಡುತ್ತದೆ.

ಮೈಸೂರಿನ ಜೋಡಿ ಕುರ್ಚಿ

ಹೋದವನ ಮೇಲೆಯೇ ದೋಷವನ್ನೆಲ್ಲ ಹೊರಿಸುವುದು ಉಳಿದವರಿಗೆ ಸುಲಭ. ಎಷ್ಟೋ ಕಡೆ ದೋಷವಿರುವುದು ಅವನಲ್ಲಿ ಅಲ್ಲ, ಅವನು ಕುಳಿತಿದ್ದ ಪೀಠದಲ್ಲಿ.

ನಗರ ಸೀಮೆಯ ದಂಗೆಯ ಅನಂತರ, 1831ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ತೆಗೆದುಕೊಂಡ ಬ್ರಿಟಿಷರು ಮೈಸೂರು ಸೀಮೆಗೆ ಇಬ್ಬರು ಕಮಿಷನರುಗಳನ್ನು ನೇಮಿಸಿದರು. ಹಿರಿಯನನ್ನು ಆರಿಸಿದವನು ಗವರ್ನರ್ ಜನರಲ್. ಕಿರಿಯನನ್ನು ಕಳುಹಿಸಿದ್ದು ಮದರಾಸು ಸರ್ಕಾರ. ಹಿರಿಯ, ಫೆರಿಷ್ತಾನ ಚರಿತ್ರೆಯನ್ನು ಇಂಗ್ಲಿಷಿಗೆ ತಂದ ಪಂಡಿತ, ಜಾನ್ ಬ್ರಿಗ್ಸ್, ಕಿರಿಯ ಲಷಿಂಗ್ಟನ್. ಭಿನ್ನಾಭಿಪ್ರಾಯ ಬಂದಾಗ ಹಿರಿಯನಿಗೆ ನಿರ್ಣಾಯಕ ಮತವುಂಟೆಂದು ಇಲ್ಲಿಯೂ ವಿಧಿಸಿದ್ದರು. ಇಬ್ಬರೇ ಇರುವ ಸಭೆಯಲ್ಲಿ ಒಬ್ಬನಿಗೆ ನಿರ್ಣಾಯಕ ಮತವನ್ನು ಕೊಡುವುದೆಂದರೆ ಮತ್ತೊಬ್ಬನ ಬಾಯಿ ಕಟ್ಟಿದಂತೆಯೇ ಅಲ್ಲವೆ? ಕಲ್ಕತ್ತೆಯಲ್ಲಿ ಅರ್ಧ ಶತಮಾನದ ಹಿಂದೆ ಕಲಿಯಬಹುದಾಗಿದ್ದ ಪಾಠವನ್ನು ಮತ್ತೆ ಬೆಂಗಳೂರಿನಲ್ಲಿ ಮೊದಲಿನಿಂದ ಓದಬೇಕಾಯಿತು.

ಭಿನ್ನಾಭಿಪ್ರಾಯಗಳು ಬಂದೇ ಬಂದವು. ಲಷಿಂಗ್ಟನ್ ಹೋದನು, ಬೇರೊಬ್ಬ ಬಂದನು. ಬ್ರಿಗ್ಸ್ ಹೋದನು, ಮಾರಿಸನ್ ಬಂದನು. ಪ್ರತಿಯೊಬ್ಬರ ನಿರ್ಗಮನದಿಂದಲೂ ಯಾರಿಗೋ ಸಮಾಧಾನವಾಗಿರಬೇಕು, ಸರ್ಕಾರಕ್ಕಾಗಲಿಲ್ಲ. ಕೊನೆಗೆ 1834ರಲ್ಲಿ ಜೋಡಿಯನ್ನೇ ರದ್ದುಮಾಡಿ, ಒಬ್ಬನೇ ಕಮಿಷನರ್ ಸಾಕೆಂದು ಮಾರ್ಕ್ ಕಬ್ಬನ್ನನನ್ನು ಆ ಪೀಠದಲ್ಲಿ ಕೂರಿಸಿದರು. ಆತ 1861ರ ಪರ್ಯಂತ ಏಳಲಿಲ್ಲ. ಕಬ್ಬನ್ ಏಕಾಂಗಿಯಾಗಿ ಕುಳಿತದ್ದರಿಂದ ಮೈಸೂರಿಗೆ ಆದ ಲಾಭನಷ್ಟಗಳ ಚರ್ಚೆ ಬೇರೆ. ಪಕ್ಕದ ಕುರ್ಚಿಯವನೊಡನೆ ಜಗಳವಂತೂ ನಿಂತಿತು, ಪಕ್ಕದಲ್ಲಿ ಕುರ್ಚಿಯೇ ಇರಲಿಲ್ಲವಾದುದರಿಂದ.

ಯಾರ ನೆಮ್ಮದಿ?

ಇಲ್ಲಿಯವರೆಗೆ ಉಳಿದವರ ಪಕ್ಷವನ್ನು ವಹಿಸಿ ಮಾತನಾಡಿದ್ದಾಯಿತು. ಆದರೆ ಒಬ್ಬನನ್ನು ತಾಳಲಾಗದವನೆಂದು ತೀರ್ಮಾನಿಸುವವರು ಯಾರು?

ಹೈಂಟ್ಸ್ ಲೇಮನ್ ಎಂಬ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಸ್ವೀಡನ್ನಿನ ಉದ್ಯೋಗಸ್ಥಳಗಳನ್ನು ಪರಿಶೀಲಿಸಿ, ಕಂಟಕನೆಂದು ಹೆಸರಾದವನು ಅನೇಕ ವೇಳೆ ಗುಂಪಿನ ಬೇಟೆಗೆ ಸಿಕ್ಕಿದವನಾಗಿರುತ್ತಾನೆಂದು ತೋರಿಸಿಕೊಟ್ಟರು: ಎಲ್ಲರೂ ಸೇರಿ ಮಾತು ಬಿಡುತ್ತಾರೆ, ಕೆಲಸ ಕಿತ್ತುಕೊಳ್ಳುತ್ತಾರೆ, ಪರಿಹಾಸ್ಯ ಮಾಡುತ್ತಾರೆ, ಆತ ಸಿಡುಕುತ್ತಾನೆ, ಸಿಡುಕನೆಂಬ ಹೆಸರು ಬರುತ್ತದೆ, ಆ ಹೆಸರೇ ಮುಂದಿನ ಕಿರುಕುಳಕ್ಕೆ ಸಮರ್ಥನೆಯಾಗುತ್ತದೆ. 1993ರಲ್ಲಿ ಸ್ವೀಡನ್ ಇಂಥ ಪೀಡನೆಯನ್ನು ತಡೆಯಲು ಪ್ರತ್ಯೇಕ ನಿಯಮಾವಳಿಯನ್ನೇ ಹೊರಡಿಸಿತು.

ನಮ್ಮ ದೇಶದಲ್ಲಿ ತಾಳಲಾಗದವರ ಮತ್ತೊಂದು ಜಾತಿಯೂ ಇದೆ. ಹರಿಯಾಣದ ಐಎಎಸ್ ಅಧಿಕಾರಿ ಅಶೋಕ್ ಖೇಮ್ಕಾ ಅವರು 2025ರ ಏಪ್ರಿಲ್ 30ರಂದು ನಿವೃತ್ತರಾಗುವ ವೇಳೆಗೆ, ಸುಮಾರು ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ, ಐವತ್ತಕ್ಕೂ ಹೆಚ್ಚು ಸಲ ವರ್ಗಾವಣೆಗೊಂಡಿದ್ದರು. ಒಬ್ಬ ಅಧಿಕಾರಿ ಅಷ್ಟು ಬಾರಿ ಎತ್ತಂಗಡಿಯಾದನೆಂದರೆ ಅಷ್ಟು ಬಾರಿ ಯಾರೋ ಎಲ್ಲಿಯೋ ಉಸ್ಸಪ್ಪಾ ಎಂದು ಕಾಲು ಚಾಚಿ ಕುಳಿತರೆಂದೇ ಅರ್ಥ. ಆ ನಿಟ್ಟುಸಿರಿಗೂ ಕೊನೆಯ ಸಾಲಿನ ಸಹಾಯಕಿಯರ ನಿಟ್ಟುಸಿರಿಗೂ ಕಿವಿಯಿಂದ ವ್ಯತ್ಯಾಸ ತಿಳಿಯುವುದಿಲ್ಲ. ಇಂಥ ಅಧಿಕಾರಿಯ ಕಡತದಲ್ಲಿಯೂ 'ಇವರೊಡನೆ ಹೊಂದಿಕೊಂಡು ಹೋಗುವುದು ಕಷ್ಟ' ಎಂದೇ ಬರೆದಿರುತ್ತದೆ.

ಆದುದರಿಂದ ಜೂನ್ ತಿಂಗಳ ಮೊದಲ ವಾರ ಹಗುರಾದ ಮನಸ್ಸಿನಿಂದ ಕಚೇರಿಗೆ ಹೋಗುವವರು ಒಂದು ಕೆಲಸ ಮಾಡಬಹುದು. ಹೋದವನು "ಚರ್ಚಿಸಿ" ಎಂದು ಬರೆದು ತಡೆದಿಟ್ಟಿದ್ದ ಕಡತಗಳನ್ನು ಒಮ್ಮೆ ತೆರೆದು ನೋಡಬಹುದು. ಅವುಗಳಲ್ಲಿ ಹತ್ತಕ್ಕೆ ಒಂಬತ್ತು ಶುದ್ಧ ಪೋಕರಿತನದವಾಗಿದ್ದರೂ, ಹತ್ತನೆಯದನ್ನು ಆತ ತಡೆದದ್ದೇ ಒಳ್ಳೆಯದಾಯಿತೆಂದು ಕಂಡುಬರುವ ಸಂಭವವುಂಟು. ತೊಂದರೆ ಕೊಡುವವನು ಹೋಗುವಾಗ ತೊಂದರೆಯೊಂದನ್ನೇ ತೆಗೆದುಕೊಂಡು ಹೋಗುವುದಿಲ್ಲ.

ಗವಾಕ್ಷಿ

ಇದನ್ನು ಅರಿಯುವುದಕ್ಕೆ ಹೇಸ್ಟಿಂಗ್ಸ್ ತೆತ್ತ ಬೆಲೆ ದೊಡ್ಡದು.

ಫ್ರಾನ್ಸಿಸ್ ಹೋದ ಮೇಲೆ ಕಲ್ಕತ್ತೆಯ ಮೇಜಿನಲ್ಲಿ ಹೇಸ್ಟಿಂಗ್ಸನಿಗೆದುರಾಗಿ ಉಳಿದವನು ವೀಲರ್ ಎಂಬ ಸೌಮ್ಯ ಸದಸ್ಯ. ಪ್ರತಿಟಿಪ್ಪಣಿ ಬರೆಯುವವರಿಲ್ಲ, ಖಂಡಿಸುವವರಿಲ್ಲ. ಖಜಾನೆಯಲ್ಲಿ ಹಣವೂ ಇಲ್ಲ, ಹೈದರನೊಡನೆಯೂ ಮರಾಠರೊಡನೆಯೂ ಯುದ್ಧ. 1781ರ ಆಗಸ್ಟಿನಲ್ಲಿ ಹೇಸ್ಟಿಂಗ್ಸ್ ತಾನೇ ಕಾಶಿಗೆ ಹೋಗಿ, ರಾಜಾ ಚೇತ್ ಸಿಂಗನ ಮೇಲೆ ಭಾರಿ ದಂಡ ಹೇರುವ ಉದ್ದೇಶದಿಂದ ಅವನನ್ನು ಸೆರೆಯಲ್ಲಿಟ್ಟನು. ಊರು ತಿರುಗಿಬಿದ್ದು, ಪ್ರಾಣ ಉಳಿಸಿಕೊಳ್ಳಲು ಚುನಾರಿನ ಕೋಟೆಗೆ ಓಡಬೇಕಾಯಿತು. 1782ರ ಪ್ರಾರಂಭದಲ್ಲಿ ಔಧದ ಬೇಗಮರ ಧನವನ್ನು ವಶಪಡಿಸಿಕೊಳ್ಳಲು ಫೈಜಾಬಾದಿನಲ್ಲಿ ಅವರ ಸೇವಕರನ್ನು ಬಂಧಿಸಿ ಹಿಂಸಿಸಿದರು. ಫ್ರಾನ್ಸಿಸ್ ಅಲ್ಲಿದ್ದಿದ್ದರೆ ಇವು ನಡೆಯುತ್ತಿರಲಿಲ್ಲವೆಂದು ಆಣೆಯಿಟ್ಟು ಹೇಳಲಾಗದು. ಹೇಸ್ಟಿಂಗ್ಸನನ್ನು ನೋಯಿಸಬೇಕೆಂಬ ಒಂದೇ ಛಲದಿಂದಲಾದರೂ ಮೂವತ್ತು ಪುಟಗಳ ಆಕ್ಷೇಪಣೆ ಬರೆಯದೆ ಬಿಡುತ್ತಿರಲಿಲ್ಲ, ಅಷ್ಟರಲ್ಲಿ ವಿವೇಕಕ್ಕೆ ಸ್ವಲ್ಪ ಕಾಲಾವಕಾಶ ಸಿಗುತ್ತಿತ್ತು.

ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎಂಬ ಗಾದೆ ಕಲ್ಕತ್ತೆಯವರಿಗೆ ತಿಳಿದಿರಲಿಲ್ಲ. ಲಂಡನ್ನನ್ನು ತಲುಪಿದ ಫ್ರಾನ್ಸಿಸ್ ಪಾರ್ಲಿಮೆಂಟಿಗೆ ಆಯ್ಕೆಯಾಗಿ, ಎಡ್ಮಂಡ್ ಬರ್ಕನ ಕಿವಿಗೆ ಬಂಗಾಳದ ವೃತ್ತಾಂತವನ್ನೆಲ್ಲ ತುಂಬಿದನು. 1786ರಲ್ಲಿ ಹೇಸ್ಟಿಂಗ್ಸನ ಮೇಲೆ ಕಾಶಿಯ ಆರೋಪವನ್ನೂ ಮರುವರ್ಷ ಬೇಗಮರ ಆರೋಪವನ್ನೂ ಕಾಮನ್ಸ್ ಸಭೆ ಅಂಗೀಕರಿಸಿತು. ಎರಡೂ, ಗಮನಿಸಬೇಕು, ಮುಖ್ಯವಾಗಿ ಫ್ರಾನ್ಸಿಸ್ ಮೇಜು ಬಿಟ್ಟೆದ್ದ ಮೇಲಣ ಕಾರ್ಯಗಳಿಗೆ ಸಂಬಂಧಪಟ್ಟವು. 1788ರ ಫೆಬ್ರವರಿ 13ರಂದು ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿ ವಿಚಾರಣೆ ಆರಂಭವಾಯಿತು. ಆರೋಪಪಕ್ಷದ ಸಮಿತಿಗೆ ಫ್ರಾನ್ಸಿಸನನ್ನು ಸೇರಿಸಬೇಕೆಂದು ಬರ್ಕ್ ಹಟ ಹಿಡಿದರೂ, ಪಿಸ್ತೂಲು ಹಿಡಿದು ಎದುರು ನಿಂತವನನ್ನು ಅಲ್ಲಿ ಕೂರಿಸುವುದು ಚೆನ್ನಲ್ಲವೆಂದು ಸಭೆ ಒಪ್ಪಲಿಲ್ಲ.

ವಿಚಾರಣೆ ಏಳು ವರ್ಷ ನಡೆಯಿತು. 1795ರ ಏಪ್ರಿಲ್ 23ರಂದು ಹೇಸ್ಟಿಂಗ್ಸ್ ನಿರ್ದೋಷಿಯೆಂದು ಬಿಡುಗಡೆ ಹೊಂದುವ ವೇಳೆಗೆ ವಕೀಲರಿಗೆ 70 ಸಾವಿರ ಪೌಂಡಿಗೂ ಹೆಚ್ಚು ಸುರಿದಿದ್ದನು. ಅನಂತರ ಹಳ್ಳಿಯ ಮನೆಯಲ್ಲಿ ತೋಟ ಮಾಡಿಕೊಂಡು ಎಂಬತ್ತೈದನೆಯ ವಯಸ್ಸಿನವರೆಗೆ ಬದುಕಿದನು. ಫ್ರಾನ್ಸಿಸನೂ ಬದುಕಿದ್ದನು, ಅದೇ ದೇಶದಲ್ಲಿ, ಅದೇ ಹಗೆಯನ್ನು ಇಟ್ಟುಕೊಂಡು. ಹೇಸ್ಟಿಂಗ್ಸ್ ತೀರಿಕೊಂಡದ್ದು 1818ರ ಆಗಸ್ಟಿನಲ್ಲಿ. ಫ್ರಾನ್ಸಿಸ್ ಅದೇ ವರ್ಷದ ಡಿಸೆಂಬರಿನಲ್ಲಿ. ಸಹೋದ್ಯೋಗಿ ಹೋದನೆಂಬ ನೆಮ್ಮದಿ ಫ್ರಾನ್ಸಿಸನಿಗೆ ದೊರೆತದ್ದು ನಾಲ್ಕು ತಿಂಗಳು.